ಮಕ್ಕಳಿಗೆ ಹದಿನೆಂಟು ದಾಟಿದ ಮೇಲೆ ಬಾಕಿ ಜೀವನಾಂಶ ವಸೂಲಿ: ಉತ್ತರ ಕನ್ನಡದವರಿಗೆ ಒಂದು ಸಮಗ್ರ ಮಾರ್ಗದರ್ಶಿ

ಸಿದ್ದಾಪುರದ ಕಡೆಯ ಒಬ್ಬ ತಾಯಿ ಸಿರ್ಸಿಗೆ ಬಂದಿದ್ದರು. ಕೈಯಲ್ಲಿ ಸೀರೆ ಅಂಗಡಿಯ ಹಳೆಯ ಪ್ಲಾಸ್ಟಿಕ್ ಚೀಲ. ಅದರೊಳಗೆ ಮಡಿಕೆಯ ಗೆರೆಯಲ್ಲೇ ಹರಿಯತೊಡಗಿದ್ದ ಕೋರ್ಟಿನ ಕಾಗದ, ಎರಡು ಪಾಸ್‌ಬುಕ್, ಸುರುಳಿ ಸುತ್ತಿದ ಏಳು ವರ್ಷಗಳ ಗೋಡೆ ಕ್ಯಾಲೆಂಡರ್. ಗಂಡನಿಂದ ಹಣ ಬಂದ ತಿಂಗಳಿಗೆ ಕೆಂಪು ಸುತ್ತು, ಬಾರದ ತಿಂಗಳು ಖಾಲಿ. ಏಳು ವರ್ಷಕ್ಕೆ ಐದೇ ಸುತ್ತು. ‘ಮಗಳಿಗೆ ಹದಿನೆಂಟು ದಾಟಿತು, ಇನ್ನು ಕೇಳುವ ಹಾಗಿಲ್ಲ ಅಂತ ನಮ್ಮ ಅಣ್ಣ ಹೇಳುತ್ತಾನೆ. ಹೌದೇ?’ ಎಂದು ಕೇಳಿದರು.

ಅಣ್ಣ ಹೇಳಿದ್ದು ಅರ್ಧ ಸರಿ. ಹದಿನೆಂಟು ತುಂಬಿದಾಗ ಮುಂದಿನ ಕಂತು ನಿಲ್ಲಬಹುದು. ಅದಕ್ಕೂ ಮೊದಲು ಕೊಡಬೇಕಿದ್ದು ಕೊಡದೆ ಉಳಿಸಿಕೊಂಡ ಹಣ ಮಾತ್ರ ಹುಟ್ಟುಹಬ್ಬದ ದಿನ ಮಾಫಿಯಾಗುವುದಿಲ್ಲ. ಅದನ್ನು ತಿಂದುಹಾಕುವುದು ಕಾಲಮಿತಿ, ಅಂದರೆ ಕೋರ್ಟಿಗೆ ಹೋಗಲು ಕಾನೂನು ಕೊಟ್ಟ ಗಡುವು, ಅದೂ ತಿಂಗಳು ತಿಂಗಳಾಗಿ. ಎಷ್ಟು ವೇಗವಾಗಿ ತಿನ್ನುತ್ತದೆ ಎನ್ನುವುದು ನಿಮ್ಮ ಕೈಯಲ್ಲಿರುವ ಕಾಗದ ಯಾವ ಜಾತಿಯದು ಎಂಬುದರ ಮೇಲೆ ನಿಂತಿದೆ. ಆದ್ದರಿಂದ ವಕೀಲರ ಮನೆಗೆ ಹೋಗುವ ಮೊದಲು ಮನೆಯ ಟ್ರಂಕು ತೆರೆಯಿರಿ.

ಮೊದಲ ಹೆಜ್ಜೆ: ಕಾಗದ ಯಾವುದು ಎಂದು ಗುರುತಿಸಿ

ಎಲ್ಲರೂ ‘ಕೋರ್ಟ್ ಆರ್ಡರ್ ಇದೆ’ ಎನ್ನುತ್ತಾರೆ. ಅದರ ಮೊದಲ ಪುಟದ ಮೇಲ್ಭಾಗ ನೋಡಿ. ದಂಡ ಪ್ರಕ್ರಿಯಾ ಸಂಹಿತೆಯ ಕಲಂ 125 ಎಂದು ಬರೆದಿದ್ದರೆ ಅದು ಮ್ಯಾಜಿಸ್ಟ್ರೇಟ್ ಅಥವಾ ಕೌಟುಂಬಿಕ ನ್ಯಾಯಾಲಯದ ಜೀವನಾಂಶ ಆದೇಶ. 2024ರ ಜುಲೈ 1ರಿಂದ ಆ ಸಂಹಿತೆಯ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂದಿದೆ, 125 ಈಗ 144 ಆಗಿದೆ. ಹಾಗೆಂದು ಹಳೆಯ ಆದೇಶ ರದ್ದಿಯಾಗಿಲ್ಲ, ಅದರ ಬಲ ಹಾಗೆಯೇ ಇದೆ.

ಹಿಂದೂ ವಿವಾಹ ಕಾಯ್ದೆಯಡಿಯ ವಿಚ್ಛೇದನದ ಡಿಕ್ರಿಯಲ್ಲೇ ‘ಮಗುವಿಗೆ ತಿಂಗಳಿಗೆ ಇಷ್ಟು’ ಎಂಬ ಸಾಲಿದ್ದರೆ, ಅಥವಾ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯಡಿ ದಾವೆ ಹೂಡಿ ಪಡೆದದ್ದಾದರೆ ಅದು ಸಿವಿಲ್ ಡಿಕ್ರಿಯ ಸಾಲಿಗೆ ಸೇರುತ್ತದೆ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ, 2005ರ ಅಡಿಯ ಆದೇಶ ಮೂರನೆಯ ಬಗೆ. ಊರ ಹಿರಿಯರ ಎದುರು ಬರೆದ ಮುಚ್ಚಳಿಕೆ ನಾಲ್ಕನೆಯದು. ಅದಕ್ಕೆ ಕೋರ್ಟಿನ ಆದೇಶದ ತೂಕವಿಲ್ಲ, ಆದರೂ ಹರಿದು ಎಸೆಯಬೇಡಿ, ಮುಂದೆ ಬೇಕಾಗುತ್ತದೆ.

ಆ ತಾಯಿ ತಮ್ಮದು ‘ನೂರಾ ಇಪ್ಪತ್ತೈದು’ ಎಂದೇ ನಂಬಿದ್ದರು. ಬಿಡಿಸಿ ನೋಡಿದರೆ 2012ರ ವಿಚ್ಛೇದನದ ಡಿಕ್ರಿ: ‘ಪ್ರತಿ ತಿಂಗಳ 5ನೇ ತಾರೀಕಿನೊಳಗೆ 2,500 ರೂಪಾಯಿ, ಮಗಳು ಪ್ರಾಪ್ತ ವಯಸ್ಸಿಗೆ ಬರುವವರೆಗೆ.’ ಅವರ ಅದೃಷ್ಟ. ಯಾಕೆ ಅದೃಷ್ಟ ಎಂಬುದು ಮೂರನೆಯ ಹೆಜ್ಜೆಯಲ್ಲಿ ತಿಳಿಯುತ್ತದೆ.

ಕಂತು ಎಲ್ಲಿಯವರೆಗೆ ಎಂದು ಹೇಳುವ ಸಾಲನ್ನು ಅಕ್ಷರಕ್ಷರ ಓದಿ. ಕೆಲವು ಡಿಕ್ರಿಗಳಲ್ಲಿ ‘ಮದುವೆಯಾಗುವವರೆಗೆ’ ಎಂದಿರುತ್ತದೆ. ಹಾಗಿದ್ದರೆ ಹದಿನೆಂಟರ ನಂತರವೂ ಕಂತು ಓಡುತ್ತಲೇ ಇದೆ.

ಕಾಗದ ಕಳೆದುಹೋಗಿದೆಯೇ? ಪ್ರಕರಣ ನಡೆದ ನ್ಯಾಯಾಲಯದ ನಕಲು ವಿಭಾಗದಲ್ಲಿ ದೃಢೀಕೃತ ನಕಲಿಗೆ ಅರ್ಜಿ ಕೊಡಿ. ಪ್ರಕರಣದ ಸಂಖ್ಯೆ ನೆನಪಿಲ್ಲದಿದ್ದರೆ ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರು ಮತ್ತು ವರ್ಷ ಹಾಕಿ ಹುಡುಕಬಹುದು. ಸಿಗದಿದ್ದರೆ ಅಂದಿನ ವಕೀಲರ ಕಚೇರಿಯ ಕಪಾಟೇ ಗತಿ, ಎಷ್ಟೋ ಸಲ ಸಿಗುವುದೂ ಅಲ್ಲೇ. ಒಂದು ವಿಷಯ ನೆನಪಿರಲಿ: ಕಲಂ 125 ಅಥವಾ 144ರ ಆದೇಶದ ಪ್ರತಿಯನ್ನು ಯಾರ ಪರವಾಗಿ ಆದೇಶವಾಗಿದೆಯೋ ಅವರಿಗೆ ಹಣ ಪಡೆಯದೆ ಕೊಡಬೇಕೆಂದು ಕಾನೂನೇ ಹೇಳುತ್ತದೆ.

ಎರಡನೆಯ ಹೆಜ್ಜೆ: ಬಾಕಿ ಪಟ್ಟಿ ಬರೆಯಿರಿ

ದೊಡ್ಡ ರೂಲ್ ಪುಸ್ತಕ ತೆಗೆದುಕೊಂಡು ಐದು ಕಾಲಂ ಹಾಕಿ: ತಿಂಗಳು, ಕೊಡಬೇಕಿದ್ದು, ಕೊಟ್ಟದ್ದು, ಪುರಾವೆ, ಉಳಿದದ್ದು. ಒಂದು ತಿಂಗಳಿಗೆ ಒಂದೇ ಸಾಲು. ‘ಏಳು ವರ್ಷದ್ದು ಸುಮಾರು ಎರಡು ಲಕ್ಷ’ ಎಂದು ಅರ್ಜಿಯಲ್ಲಿ ಬರೆದರೆ ಎದುರು ವಕೀಲರು ಆ ‘ಸುಮಾರು’ ಎಂಬ ಒಂದೇ ಪದ ಹಿಡಿದು ಆರು ತಿಂಗಳು ಎಳೆಯುತ್ತಾರೆ.

ಆ ತಾಯಿಯ ಲೆಕ್ಕವನ್ನು ಹೀಗೆ ಹಾಕಿದೆವು. 2014ರ ಡಿಸೆಂಬರ್‌ವರೆಗೆ ಹಣ ಸರಿಯಾಗಿ ಬಂದಿತ್ತು. ಮಗಳು ಹುಟ್ಟಿದ್ದು 2003ರ ಜೂನ್ 14, ಹದಿನೆಂಟು ತುಂಬಿದ್ದು 2021ರ ಜೂನ್ 14. ಕೊನೆಯ ಕಂತು ಯಾವುದು? ಕಂತಿನ ದಿನ ತಿಂಗಳ 5 ಆದ್ದರಿಂದ 2021ರ ಜೂನ್ ಕಂತೂ ಸೇರುತ್ತದೆ. 2015ರ ಜನವರಿಯಿಂದ ಲೆಕ್ಕ ಹಾಕಿದರೆ 78 ಕಂತು, 1,95,000 ರೂಪಾಯಿ. ಕೆಂಪು ಸುತ್ತಿನ ಐದು ತಿಂಗಳಲ್ಲಿ ಬಂದದ್ದು ತಲಾ 2,000, ಒಟ್ಟು 10,000. ಉಳಿದದ್ದು 1,85,000.

‘ಆ ಹತ್ತು ಸಾವಿರ ಕೈಗೆ ಕೊಟ್ಟದ್ದು, ರಸೀದಿ ಇಲ್ಲ, ಬರೆಯಲೇಬೇಕೇ?’ ಎಂದರು. ಬರೆಯಿರಿ ಎಂದೆ. ಹಣ ಕೊಟ್ಟಿದ್ದೇನೆ ಎನ್ನುವವನೇ ಅದನ್ನು ಸಾಬೀತುಪಡಿಸಬೇಕು, ನಿಜ. ಆದರೆ ಬಂದದ್ದನ್ನು ಬಂದಿದೆ ಎಂದು ತಾನಾಗಿಯೇ ಬರೆದುಕೊಂಡವಳ ಪಟ್ಟಿಗೆ ಸಾಕ್ಷಿಕಟ್ಟೆಯಲ್ಲಿ ಬರುವ ಬಲ ಬೇರೆ. ‘ಮಾರಿಕಾಂಬಾ ಜಾತ್ರೆಯಲ್ಲಿ ಐದು ಸಾವಿರ ಕೈಗಿಟ್ಟೆ’ ಎಂದು ಅವನು ಕಥೆ ಕಟ್ಟಿದಾಗ ಆ ಪಟ್ಟಿಯೇ ಉತ್ತರ ಕೊಡುತ್ತದೆ. ಜಾತ್ರೆಯ ಬಳೆ, ದೀಪಾವಳಿಯ ಬಟ್ಟೆ, ಒಂದು ಸೈಕಲ್ ಇವೆಲ್ಲ ತಂದೆ ಕೊಟ್ಟ ಉಡುಗೊರೆ. ಕಂತಿನ ಲೆಕ್ಕಕ್ಕೆ ಅವನ್ನು ಸೇರಿಸಬೇಡಿ.

ಪುರಾವೆಗೆ ಬ್ಯಾಂಕಿನ ಸ್ಟೇಟ್‌ಮೆಂಟ್ ಬೇಗ ತೆಗೆಸಿಕೊಳ್ಳಿ, ಹಳೆಯದಾದಷ್ಟೂ ಸಿಗುವುದು ಕಷ್ಟ. ಮನಿ ಆರ್ಡರ್ ಚೀಟಿ, ಮೊಬೈಲ್ ಸಂದೇಶ, ಶಾಲೆ ಕಾಲೇಜಿನ ಶುಲ್ಕದ ರಸೀದಿ ಎಲ್ಲವೂ ಇರಲಿ. ಆಯಾ ದಿನವೇ ಗುರುತು ಹಾಕಿದ ಕ್ಯಾಲೆಂಡರ್ ಕೂಡ ಸಣ್ಣ ಸಾಕ್ಷಿಯಲ್ಲ. ಈಗ ಕುಳಿತು ಹೊಸ ಪೆನ್ನಿನಲ್ಲಿ ಹಳೆಯ ಕ್ಯಾಲೆಂಡರ್ ತುಂಬುವ ಉಪಾಯವನ್ನು ಮಾತ್ರ ಯಾರು ಹೇಳಿದರೂ ಕೇಳಬೇಡಿ.

ಮೂರನೆಯ ಹೆಜ್ಜೆ: ಕಾಲಮಿತಿಯ ಲೆಕ್ಕ

ಇಡೀ ವಿಷಯದ ಗಂಟು ಇಲ್ಲಿದೆ, ನಿಧಾನವಾಗಿ ಓದಿ.

ಸಿವಿಲ್ ಡಿಕ್ರಿಯಾದರೆ ಅಮಲ್ಜಾರಿಗೆ, ಅಂದರೆ ಡಿಕ್ರಿಯನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವುದಕ್ಕೆ, 12 ವರ್ಷ. 1963ರ ಕಾಲಮಿತಿ ಕಾಯ್ದೆಯ 136ನೇ ಅನುಚ್ಛೇದದ ಪ್ರಕಾರ, ಕಂತು ಕಂತಾಗಿ ಕೊಡಬೇಕಾದ ಹಣಕ್ಕೆ ಆ ಹನ್ನೆರಡು ವರ್ಷ ಶುರುವಾಗುವುದು ಆಯಾ ಕಂತು ತಪ್ಪಿದ ದಿನದಿಂದ. 2015ರ ಜನವರಿ ಕಂತಿಗೆ 2027ರ ಜನವರಿವರೆಗೆ ಆಯುಷ್ಯ, ಫೆಬ್ರವರಿ ಕಂತಿಗೆ ಇನ್ನೊಂದು ತಿಂಗಳು ಹೆಚ್ಚು. ತಡ ಮಾಡಿದರೆ ಅಡಿಕೆ ಗೊನೆಯಿಂದ ಒಂದೊಂದೇ ಕಾಯಿ ಉದುರಿದಂತೆ ತಿಂಗಳಿಗೆ 2,500 ಉದುರುತ್ತ ಹೋಗುತ್ತದೆ. ಆ ತಾಯಿಯ 78 ಕಂತುಗಳಲ್ಲಿ ಒಂದೂ ಉದುರಿರಲಿಲ್ಲ.

ಕಲಂ 125ರ ಆದೇಶವಾಗಿದ್ದರೆ ಚಿತ್ರವೇ ಬೇರೆ. ವಾರಂಟ್ ಮೂಲಕ ವಸೂಲಿ ಮಾಡಬೇಕಾದರೆ ಕಂತು ಬಾಕಿಯಾದ ಒಂದು ವರ್ಷದೊಳಗೆ ಅರ್ಜಿ ಹಾಕಿರಬೇಕು. ಹೊಸ ಸಂಹಿತೆಯ 144(3)ರಲ್ಲೂ ಇದೇ ಷರತ್ತು. ಮಗ ಅಥವಾ ಮಗಳಿಗೆ ಹತ್ತೊಂಬತ್ತು ತುಂಬಿದ ಮೇಲೆ ಮೊದಲ ಬಾರಿಗೆ ಅರ್ಜಿ ಹಾಕಿದರೆ ವಾರಂಟಿನ ದಾರಿ ಹೆಚ್ಚುಕಡಿಮೆ ಮುಚ್ಚಿರುತ್ತದೆ.

ಇಲ್ಲಿಗೇ ಕೈಚೆಲ್ಲಬೇಡಿ. ಎರಡು ಕಿಂಡಿಗಳಿವೆ. ಹಿಂದೆ ಯಾವಾಗಲಾದರೂ, ಮಗು ಚಿಕ್ಕದಿದ್ದಾಗ, ವಸೂಲಿ ಅರ್ಜಿ ಹಾಕಿದ್ದಿರಾ? ಅದು ಇತ್ಯರ್ಥವಾಗದೆ ಉಳಿದಿದೆಯೇ? ಹಾಗಿದ್ದರೆ ಆ ಅರ್ಜಿಯ ನಂತರ ಸೇರಿದ ಬಾಕಿಗೆ ವರ್ಷವರ್ಷವೂ ಹೊಸ ಅರ್ಜಿ ಹಾಕಬೇಕಿಲ್ಲ, ಅದೇ ಅರ್ಜಿಯಲ್ಲಿ ಕೇಳಬಹುದು ಎಂದು ಕರ್ನಾಟಕದಿಂದಲೇ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2005ರಲ್ಲಿ ಹೇಳಿದೆ. ಎರಡನೆಯದು, ಒಂದು ವರ್ಷದ ಗಡಿ ಕಟ್ಟಿಹಾಕುವುದು ವಾರಂಟನ್ನು ಮಾತ್ರ, ಹಣದ ಹಕ್ಕನ್ನಲ್ಲ. ಗಡಿ ದಾಟಿದ ಬಾಕಿಗೆ ಸಾಮಾನ್ಯ ಸಿವಿಲ್ ದಾವೆಯ ದಾರಿ ಇದ್ದೇ ಇದೆ ಎಂದು ಅದೇ ನ್ಯಾಯಾಲಯ 2013ರಲ್ಲಿ ಸ್ಪಷ್ಟಪಡಿಸಿತು.

ಆ ಸಿವಿಲ್ ದಾವೆಗೂ ಗಡಿ ಇದೆ. ಹಿಂದೂಗಳ ಜೀವನಾಂಶದ ಬಾಕಿಗೆ ಕಾಲಮಿತಿ ಕಾಯ್ದೆಯ 105ನೇ ಅನುಚ್ಛೇದದಂತೆ ಮೂರು ವರ್ಷ. ಆದರೆ ಹಕ್ಕು ಹುಟ್ಟಿದಾಗ ಅಪ್ರಾಪ್ತರಾಗಿದ್ದವರಿಗೆ ಅದೇ ಕಾಯ್ದೆಯ 6 ಮತ್ತು 8ನೇ ಕಲಂಗಳು ನೆರವಿಗೆ ಬರುತ್ತವೆ: ಹದಿನೆಂಟು ತುಂಬಿದ ದಿನದಿಂದ ಮೂರು ವರ್ಷದವರೆಗೆ ಅವರು ದಾವೆ ಹೂಡಬಹುದು. ಅಂದರೆ ಇಪ್ಪತ್ತೊಂದನೇ ಹುಟ್ಟುಹಬ್ಬ ಒಂದು ಗೆರೆ. ಈ ರಿಯಾಯಿತಿ ಮಗುವಾಗಿದ್ದವರಿಗೆ, ತಾಯಿಗಲ್ಲ. ಹಾಗಾಗಿ ದಾವೆಯಲ್ಲಿ ಈಗ ದೊಡ್ಡವರಾಗಿರುವ ಮಗ ಅಥವಾ ಮಗಳು ವಾದಿಯಾಗಿ ಸಹಿ ಹಾಕಲೇಬೇಕು. ‘ಅವಳು ಓದುತ್ತಿದ್ದಾಳೆ, ಕೋರ್ಟಿಗೆ ಎಳೆಯುವುದು ಬೇಡ’ ಎಂದು ತಾಯಂದಿರು ತಾವೊಬ್ಬರೇ ಸಹಿ ಹಾಕಿ ಈ ಅವಕಾಶ ಕಳೆದುಕೊಳ್ಳುವುದುಂಟು.

ಕೋವಿಡ್ ಕಾಲದ ಒಂದು ಮಾತು. 2020ರ ಮಾರ್ಚ್ 15ರಿಂದ 2022ರ ಫೆಬ್ರವರಿ 28ರವರೆಗಿನ ದಿನಗಳನ್ನು ಕಾಲಮಿತಿಯ ಲೆಕ್ಕದಿಂದ ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದೆ. ಗೆರೆ ದಾಟಿಹೋಯಿತು ಎನಿಸಿದರೆ ಈ ದಿನಗಳನ್ನು ಬಿಟ್ಟು ಮತ್ತೊಮ್ಮೆ ಎಣಿಸಲು ವಕೀಲರಿಗೆ ಹೇಳಿ. ಆದರೆ ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಯಾವ ಆದೇಶವೂ ಇಲ್ಲದೆ ಬರೀ ಬಾಯಿಮಾತಿನಲ್ಲಿ ವರ್ಷ ಕಳೆದಿದ್ದರೆ? ಕಲಂ 144ರ ಜೀವನಾಂಶ ಸಿಗುವುದು ಅರ್ಜಿ ಹಾಕಿದ ದಿನದಿಂದ, ಹಿಂದಕ್ಕೆ ಹೋಗುವುದಿಲ್ಲ. ಮುಚ್ಚಳಿಕೆಯಲ್ಲಿ ಅವನ ಸಹಿ ಇದ್ದರೆ ಕರಾರಿನ ಆಧಾರದ ಮೇಲೆ ದಾವೆ ನಿಲ್ಲುತ್ತದೆಯೇ ಎಂದು ವಕೀಲರಿಗೆ ತೋರಿಸಿ. ಅದೂ ಇಲ್ಲದಿದ್ದರೆ ಹಳೆಯ ಬಾಕಿಗಾಗಿ ಅಲೆಯುವುದಕ್ಕಿಂತ ಆರನೆಯ ಹೆಜ್ಜೆಗೆ ಹೋಗುವುದು ಲೇಸು.

ನಾಲ್ಕನೆಯ ಹೆಜ್ಜೆ: ವಕೀಲರು, ನೋಟಿಸು, ರಾಜಿ

ವಕೀಲರ ಶುಲ್ಕಕ್ಕೆ ಹೆದರಿ ಸುಮ್ಮನಿರುವವರೇ ಹೆಚ್ಚು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಕಲಂ 12ರಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ, ಅಂಗವಿಕಲರಿಗೂ ಹಾಗೆಯೇ. ಉಳಿದ ವರ್ಗದ ಪ್ರಾಪ್ತ ವಯಸ್ಕ ಮಗನಿಗೆ ಮಾತ್ರ ಆದಾಯದ ಮಿತಿ ಅಡ್ಡ ಬರುತ್ತದೆ. ಜಿಲ್ಲಾ ಪ್ರಾಧಿಕಾರ ಇರುವುದು ಕಾರವಾರದಲ್ಲಿ, ಆದರೆ ಸಿರ್ಸಿಯವರು ದೇವಿಮನೆ ಘಟ್ಟ ಇಳಿದು ಅಲ್ಲಿಯವರೆಗೆ ಹೋಗಬೇಕಿಲ್ಲ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಸಹಾಯವಾಣಿ 15100.

ನೋಟಿಸನ್ನು ಸ್ವೀಕೃತಿ ಸಿಗುವಂತೆ ಅಂಚೆಯಲ್ಲಿ ಕಳುಹಿಸಿ, ಬಾಕಿ ಪಟ್ಟಿಯ ಪ್ರತಿ ಜೊತೆಗಿರಲಿ. ನೋಟಿಸು ಕಡ್ಡಾಯವೇನಲ್ಲ. ಕಾಲಮಿತಿ ಹತ್ತಿರವಿದ್ದರೆ ನೋಟಿಸಿನಲ್ಲಿ ತಿಂಗಳು ಕಳೆಯದೆ ನೇರವಾಗಿ ಅರ್ಜಿ ಹಾಕಿ.

ಸಾಮಾನ್ಯವಾಗಿ ಬರುವ ಉತ್ತರ, ‘ಈ ಸಲದ ಅಡಿಕೆ ಮಾರಿದ ಮೇಲೆ ಕೊಡುತ್ತೇನೆ.’ ಕೊಡಲಿ, ಆದರೆ ಬರೆದು ಸಹಿ ಹಾಕಿ ಕೊಡಲಿ. ಸಿವಿಲ್ ದಾವೆಯ ಬಾಕಿಗೆ ಗಡುವು ಮುಗಿಯುವ ಮೊದಲು ಸಿಕ್ಕ ಲಿಖಿತ ಒಪ್ಪಿಗೆ ಕಾಲಮಿತಿಯನ್ನು ಹೊಸದಾಗಿ ಶುರು ಮಾಡುತ್ತದೆ. ಗಡುವು ಮುಗಿದ ಸಾಲಕ್ಕೂ ಸಹಿ ಮಾಡಿದ ಲಿಖಿತ ವಾಗ್ದಾನಕ್ಕೆ ಕರಾರು ಕಾಯ್ದೆಯ ಕಲಂ 25(3)ರಲ್ಲಿ ಬೆಲೆಯಿದೆ. ಡಿಕ್ರಿಯ ಅಮಲ್ಜಾರಿಗೆ ಮಾತ್ರ ಇಂಥ ಒಪ್ಪಿಗೆಯಿಂದ ಹನ್ನೆರಡು ವರ್ಷ ಹಿಗ್ಗುವುದಿಲ್ಲ. ಡಿಕ್ರಿ ಇದ್ದವರು ಮಾತಿಗೆ ಮರುಳಾಗದೆ ಅರ್ಜಿ ಹಾಕಿಟ್ಟೇ ರಾಜಿ ಮಾತಾಡಬೇಕು.

ರಾಜಿ ಒಳ್ಳೆಯದೇ, ಲೋಕ ಅದಾಲತ್‌ನಲ್ಲಿ ಆದರೆ ಇನ್ನೂ ಒಳ್ಳೆಯದು. ಅಲ್ಲಿನ ಅವಾರ್ಡಿಗೆ ಸಿವಿಲ್ ಡಿಕ್ರಿಯ ಬಲವಿದೆ, ಅದರ ಮೇಲೆ ಅಪೀಲಿಲ್ಲ. ‘ಒಂದು ಕಂತು ತಪ್ಪಿದರೂ ಉಳಿದದ್ದೆಲ್ಲ ಒಟ್ಟಿಗೆ ಕೊಡಬೇಕು’ ಎಂಬ ಸಾಲನ್ನು ಸೇರಿಸಲು ಮರೆಯಬೇಡಿ. ‘ವಿಚ್ಛೇದನದ ಹೊತ್ತಿಗೆ ನೀನೇ ಎಲ್ಲ ಬಿಟ್ಟುಕೊಟ್ಟಿದ್ದೀಯಲ್ಲ’ ಎಂದು ಅವನು ಹಳೆಯ ರಾಜಿಪತ್ರ ತೋರಿಸಿದರೆ ಗಾಬರಿಯಾಗಬೇಡಿ. ತಾಯಿ ತನ್ನ ಪಾಲಿನದನ್ನು ಬಿಡಬಹುದು, ಮಗುವಿನ ಹಕ್ಕನ್ನು ಬರೆದುಕೊಡಲು ಬರುವುದಿಲ್ಲ.

ಐದನೆಯ ಹೆಜ್ಜೆ: ವಸೂಲಿ

ಮ್ಯಾಜಿಸ್ಟ್ರೇಟ್ ಆದೇಶವಿದ್ದು ಒಂದು ವರ್ಷದ ಒಳಗಿದ್ದರೆ, ದಂಡ ವಸೂಲಿ ಮಾಡುವ ರೀತಿಯಲ್ಲೇ ವಾರಂಟ್ ಹೊರಡುತ್ತದೆ. ಕೋರ್ಟಿನ ಜಗಲಿಯಲ್ಲಿ ಇದಕ್ಕೆ ಎಫ್‌ಎಲ್‌ಡಬ್ಲ್ಯೂ (ಫೈನ್ ಲೆವಿ ವಾರಂಟ್) ಎನ್ನುತ್ತಾರೆ. ಆಗಲೂ ಕೊಡದಿದ್ದರೆ ಬಾಕಿಯಿರುವ ಪ್ರತಿ ತಿಂಗಳಿಗೆ ಒಂದು ತಿಂಗಳವರೆಗೆ ಸೆರೆವಾಸ ವಿಧಿಸಬಹುದು. ‘ಜೈಲಿಗೆ ಹೋಗಿ ಬಂದೆ, ಲೆಕ್ಕ ಚುಕ್ತಾ’ ಎಂಬ ಜಂಬದ ಮಾತು ಕೇಳಿದ್ದೇನೆ. ಜೈಲು ಹಣ ಕಕ್ಕಿಸುವ ದಾರಿ, ಹಣಕ್ಕೆ ಬದಲಿಯಲ್ಲ ಎಂದು ಸುಪ್ರೀಂ ಕೋರ್ಟ್ ದಶಕಗಳ ಹಿಂದೆಯೇ ಹೇಳಿದೆ. ಅವನು ಬೇರೆ ಊರಿನಲ್ಲಿದ್ದರೆ, ಕಾರವಾರದವರಿಗೆ ಪಕ್ಕದ ಮನೆಯಂತಿರುವ ಗೋವಾದಲ್ಲಿದ್ದರೂ ಸರಿ, ಅವನಿರುವ ಜಾಗದ ಮ್ಯಾಜಿಸ್ಟ್ರೇಟ್ ಮುಂದೆಯೇ ಆದೇಶ ಜಾರಿ ಮಾಡಿಸಬಹುದು. ಹೊಸ ಸಂಹಿತೆಯಲ್ಲಿ ಇದು ಕಲಂ 147.

ಡಿಕ್ರಿಯಾದರೆ ಅಮಲ್ಜಾರಿ ಅರ್ಜಿ. ಇಲ್ಲಿ ಗೆಲ್ಲುವುದು ವಾದಕ್ಕಿಂತ ಮಾಹಿತಿ. ಅವನ ಹಣ ಎಲ್ಲಿದೆ ಎಂದು ತೋರಿಸಿದರೆ ಕೋರ್ಟು ಜಪ್ತಿ ಮಾಡುತ್ತದೆ, ಹುಡುಕಿ ಕೊಡುವ ಕೆಲಸ ನಿಮ್ಮದು.

ಸಂಬಳದಾರನಾದರೆ ಸುಲಭ. ಸಾಮಾನ್ಯ ಸಾಲದ ಡಿಕ್ರಿಗಿಂತ ಜೀವನಾಂಶದ ಡಿಕ್ರಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60 ಉದಾರವಾಗಿದೆ: ಸಂಬಳದ ಮೂರನೇ ಒಂದು ಭಾಗಕ್ಕೆ ಮಾತ್ರ ರಕ್ಷಣೆ, ಉಳಿದ ಮೂರನೇ ಎರಡು ಭಾಗ ಜಪ್ತಿಗೆ ಒಳಪಡುತ್ತದೆ. ಕೈಗಾ ಸ್ಥಾವರವಿರಲಿ, ಬ್ಯಾಂಕಿರಲಿ, ಸರ್ಕಾರಿ ಶಾಲೆಯಿರಲಿ, ಆದೇಶ ನೇರ ಸಂಬಳ ಬಟವಾಡೆ ಮಾಡುವವರಿಗೆ ಹೋಗುತ್ತದೆ. ಕಾರವಾರದ ನೌಕಾನೆಲೆಯ ನಾವಿಕನಾದರೆ ಈ ದಾರಿಯ ಬದಲು 1957ರ ನೌಕಾಪಡೆ ಕಾಯ್ದೆಯಲ್ಲಿ ಹೆಂಡತಿ ಮಕ್ಕಳ ಪೋಷಣೆಗೆ ಇರುವ ಪ್ರತ್ಯೇಕ ಅವಕಾಶವನ್ನು ವಕೀಲರಿಂದ ಕೇಳಿಸಿ. ಭವಿಷ್ಯ ನಿಧಿಗೆ, ಸರ್ಕಾರಿ ಪಿಂಚಣಿಗೆ ಕಾನೂನಿನ ರಕ್ಷೆಯಿದೆ, ಅದಕ್ಕೇ ಮೊದಲು ಕೈಹಾಕಬೇಡಿ.

ಘಟ್ಟದ ಮೇಲಿನ ತೋಟಿಗನಾದರೆ ತಾಳ್ಮೆ ಬೇಕು. ಭೂಮಿ ಜಾಲತಾಣದಲ್ಲಿ ಪಹಣಿ ತೆಗೆಸಿ, ಹೆಸರು ಒಂಟಿಯೋ ಜಂಟಿಯೋ ನೋಡಿ. ಉಪನೋಂದಣಾಧಿಕಾರಿ ಕಚೇರಿಯಿಂದ ಋಣಭಾರ ಪತ್ರ ಪಡೆಯಿರಿ. ನಮ್ಮಲ್ಲಿ ಪಹಣಿಯಲ್ಲಿ ಅಣ್ಣತಮ್ಮಂದಿರ ಹೆಸರೆಲ್ಲ ಒಟ್ಟಿಗೇ ಇರುತ್ತದೆ. ಅವನ ಅವಿಭಕ್ತ ಪಾಲನ್ನು ಜಪ್ತಿ ಮಾಡಿಸಬಹುದಾದರೂ ಅದನ್ನು ಹರಾಜಿನಲ್ಲಿ ಕೊಳ್ಳಲು ಊರಿನಲ್ಲಿ ಯಾರೂ ಮುಂದೆ ಬರುವುದಿಲ್ಲ. ಸೊಪ್ಪಿನ ಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟ ಸರ್ಕಾರಿ ಕಾಡು) ಅವನ ಒಡೆತನದ್ದಲ್ಲ, ಅರಣ್ಯ ಅತಿಕ್ರಮಣದ ಜಾಗಕ್ಕೆ ಹಕ್ಕುಪತ್ರವೇ ಇಲ್ಲ. ಕೃಷಿಕ ವಾಸವಿರುವ ಮನೆಗೂ ಜಪ್ತಿಯಿಂದ ವಿನಾಯಿತಿ ಇದೆ. ನನ್ನ ಅನುಭವದಲ್ಲಿ ಕೆಲಸಕ್ಕೆ ಬರುವುದು ಸಹಕಾರಿ ಸಂಘದ ಖಾತೆ. ಚಾಲಿ (ಒಣಗಿಸಿ ಸುಲಿದ ಅಡಿಕೆ) ಮಾರಾಟವಾದ ಹಣ ಸಂಘದಲ್ಲಿ ಅವನ ಹೆಸರಿಗೆ ಜಮೆಯಾಗಿರುವಾಗ, ಅವನಿಗೆ ಕೊಡಬೇಕಾದ್ದನ್ನು ಕೋರ್ಟಿಗೆ ಕಟ್ಟುವಂತೆ ಸಂಘಕ್ಕೆ ಗಾರ್ನಿಷಿ ಆದೇಶ ಕೊಡಿಸಬಹುದು. ಅದಕ್ಕೇ ಅರ್ಜಿ ಹಾಕುವ ಹೊತ್ತು ಮುಖ್ಯ. ಮಳೆಗಾಲದಲ್ಲಿ ಆ ಖಾತೆಯಲ್ಲಿ ಸಾಲವಷ್ಟೇ ಇರುತ್ತದೆ.

ಭಟ್ಕಳ, ಹೊನ್ನಾವರದ ಕಡೆ ಎಷ್ಟೋ ಮಂದಿ ಕೊಲ್ಲಿ ದೇಶಗಳಲ್ಲಿದ್ದಾರೆ. ಅಲ್ಲಿಯ ಸಂಬಳಕ್ಕೆ ಕೈ ಚಾಚುವುದಕ್ಕಿಂತ ಊರಿನಲ್ಲಿ ಅವರ ಹೆಸರಿನಲ್ಲಿರುವ ನಿವೇಶನ, ಬಾಡಿಗೆ ಬರುವ ಮಳಿಗೆ, ಬ್ಯಾಂಕ್ ಠೇವಣಿ ಹುಡುಕುವುದು ಹತ್ತಿರದ ದಾರಿ.

ಏನೂ ಗೊತ್ತಾಗದಿದ್ದರೆ ಅವನಿಂದಲೇ ಹೇಳಿಸಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 21, ನಿಯಮ 41ರ ಅಡಿ ಆಸ್ತಿ ವಿವರದ ಪ್ರಮಾಣಪತ್ರ ಸಲ್ಲಿಸುವಂತೆ ಕೋರ್ಟು ಹೇಳಬಹುದು. ಧಿಕ್ಕರಿಸಿದರೆ ಮೂರು ತಿಂಗಳವರೆಗೆ ಸಿವಿಲ್ ಸೆರೆ. ಅವನು ತೀರಿಕೊಂಡಿದ್ದರೂ ಡಿಕ್ರಿ ಬಾಕಿ ಸಾಯುವುದಿಲ್ಲ, ಬಿಟ್ಟುಹೋದ ಆಸ್ತಿಯ ಮಟ್ಟಿಗೆ ವಾರಸುದಾರರಿಂದ ವಸೂಲಿ ಮಾಡಬಹುದು.

ಆರನೆಯ ಹೆಜ್ಜೆ: ಹದಿನೆಂಟರ ನಂತರದ್ದನ್ನೂ ಕೇಳಬಹುದೇ?

ಮಗನಿಗೆ ಸಾಮಾನ್ಯವಾಗಿ ಇಲ್ಲ. ದೈಹಿಕ ಅಥವಾ ಮಾನಸಿಕ ನ್ಯೂನತೆಯಿಂದ ದುಡಿಯಲಾಗದ ಮಕ್ಕಳಿಗೆ ಕಲಂ 144ರ ಅಡಿಯೇ ವಯಸ್ಸಿನ ತಡೆಯಿಲ್ಲ, ಮದುವೆಯಾದ ಮಗಳನ್ನು ಹೊರತುಪಡಿಸಿ. ದುಡಿಮೆ ಇಲ್ಲದ ಅವಿವಾಹಿತ ಹಿಂದೂ ಮಗಳು 1956ರ ಕಾಯ್ದೆಯ ಕಲಂ 20(3)ರ ಅಡಿ ತಂದೆಯಿಂದ ಜೀವನಾಂಶ ಕೇಳಬಹುದು, 2020ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿದಿದೆ. ಮದುವೆಯ ಖರ್ಚೂ ಆ ಕಾಯ್ದೆಯ ಜೀವನಾಂಶದೊಳಗೆ ಸೇರುತ್ತದೆ. ಮುಸ್ಲಿಂ ತಂದೆಯ ಹೊಣೆ ಮಗಳ ಮದುವೆಯವರೆಗೆ ಇದೆ ಎಂದು 1997ರ ತೀರ್ಪು ಹೇಳಿದೆ.

‘ನಾಳೆ ತೋಟ ಅವಳಿಗೇ ಅಲ್ಲವೇ, ಈಗೇಕೆ ಜಗಳ?’ ಎಂಬ ಮಾತು ಮಧ್ಯಸ್ಥಿಕೆಯಲ್ಲಿ ಬಂದೇ ಬರುತ್ತದೆ. ಪಿತ್ರಾರ್ಜಿತದಲ್ಲಿ ಮಗಳ ಪಾಲು 2005ರ ತಿದ್ದುಪಡಿ ಕೊಟ್ಟ ಹಕ್ಕು, ಅವನ ಔದಾರ್ಯವಲ್ಲ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿ ಸಹಿ ಹಾಕಿಸಿಕೊಳ್ಳಲು ಬಂದರೆ ಎದ್ದು ಬನ್ನಿ.

ಕೊನೆಯ ಹೆಜ್ಜೆ: ಹಣ ಬಂದಾಗ

ಹಣ ಕೋರ್ಟಿನ ಮೂಲಕವೋ ಬ್ಯಾಂಕ್ ಖಾತೆಗೋ ಬರಲಿ, ಕೈಗೆ ಬೇಡ. ಹೊರಗೆ ಕೊಟ್ಟುಕೊಂಡದ್ದಾದರೆ ಅಮಲ್ಜಾರಿ ಕೋರ್ಟಿನಲ್ಲಿ ದಾಖಲಾಗಬೇಕು, ಇಲ್ಲದಿದ್ದರೆ ಮತ್ತೆ ತಕರಾರು ಏಳುತ್ತದೆ. ಚೆಕ್ಕು ಕೊಟ್ಟ ದಿನವೇ ‘ಪೂರ್ಣ ಪಾವತಿಯಾಗಿದೆ’ ಎಂಬ ಮೆಮೊಗೆ ಸಹಿ ಕೇಳುತ್ತಾರೆ. ಚೆಕ್ಕು ನಗದಾಗಿ ಪಾಸ್‌ಬುಕ್‌ನಲ್ಲಿ ಸಾಲು ಮುದ್ರಣವಾದ ಮೇಲೆ ಸಹಿ ಹಾಕಿ. ಆ ತಾಯಿಗೆ ಮೊದಲ ಕಂತು ಬಂದ ದಿನ ಮಗಳು ಮೊಬೈಲ್‌ನಲ್ಲಿ ಬ್ಯಾಂಕಿನ ಸಂದೇಶ ತೋರಿಸಿದಳು. ತಾಯಿ ಅದನ್ನು ಓದಿ, ಒಳಗೆ ಹೋಗಿ, ಗೋಡೆಯ ಮೇಲಿನ ಈ ವರ್ಷದ ಕ್ಯಾಲೆಂಡರಿನಲ್ಲಿ ಆ ತಾರೀಕಿಗೆ ಕೆಂಪು ಸುತ್ತು ಹಾಕಿ ಬಂದರು.